ಕೋವಿಯ ಕಾಗದ ಸೈಲೆನ್ಸರಿಗೆ ಆಗುವುದಿಲ್ಲ

ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ದಾಗ ಟೆಕ್ಸಾಸಿನಿಂದ ಅತ್ತೆಯ ಮಗನ ಫೋನ್ ಬಂತು. "ಭಾವ, ಒಂದು ಡೌಟುಂಟು. ಮೇ ತಿಂಗಳಲ್ಲಿ ಬೇಟೆಗೆ ಅಂತ ದಕ್ಷಿಣ ಆಫ್ರಿಕಾಕ್ಕೆ ಹೋಗ್ತಾ ಇದ್ದೇನೆ. ಅಲ್ಲಿಂದ ಸೀದಾ ಊರಿಗೆ ಬಂದು, ಪತ್ತನಾಜೆಗೆ ಕೋಲಗಳೆಲ್ಲ ನಿಲ್ಲುವ ಮೊದಲು ಮನೆಯ ಭೂತಕೋಲ ಮುಗಿಸಿ ವಾಪಸು ಹೋಗುವ ಅಂತ. ಕೋವಿಗೆ ಪರ್ಮಿಟ್ ಮಾಡಿಸ್ತೇನೆ. ಸೈಲೆನ್ಸರನ್ನು ಅದೇ ಪೆಟ್ಟಿಗೆಯಲ್ಲಿ ಹಾಕಿದರೆ ಎಂತ ಆಗ್ತದೆ?"

ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ಅತ್ತೆಗೆ ಕೊನೆಯ ಮಾತು ಮಾತ್ರ ಕೇಳಿತು. "ಸೈಲೆನ್ಸರಾ? ಬೈಕಿಂದಾ? ಅದನ್ನು ಅಲ್ಲಿಂದ ಯಾಕೆ ಹೊತ್ತುಕೊಂಡು ಬರ್ತಾನೆ, ಕುಂಬಳೆಯಲ್ಲಿ ಸಿಗುವುದಿಲ್ವಾ?"

ನನ್ನ ಹತ್ತಿರ ಕೇಳಲಿಕ್ಕೆ ಕಾರಣ ಉಂಟು. ಹನ್ನೆರಡು ವರ್ಷ ನಾನು ಗಲ್ಫಿನ ಒಂದು ವಿಮಾನ ನಿಲ್ದಾಣದಲ್ಲಿ ಬ್ಯಾಗೇಜ್ ಕೆಲಸದಲ್ಲಿದ್ದೆ. ಕೋವಿ ಹಿಡಿದುಕೊಂಡು ದೇಶ ದಾಟುವವರನ್ನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಕಾಸರಗೋಡು ಕಡೆಯ ಅರ್ಧ ಊರು ಹೊರದೇಶದಲ್ಲಿದೆ. ಬೇಟೆಯ ಹುಚ್ಚು ಇರುವ ಸ್ನೇಹಿತರ ಜೊತೆ ಹೋಗಿ ಬರುವವರೂ ಇದ್ದಾರೆ.

ಮೊದಲು ಅತ್ತೆಯ ಪ್ರಶ್ನೆಗೆ ಬರುವ. ಅತ್ತೆ ಹೇಳಿದ್ದು ಪೂರ್ತಿ ತಪ್ಪಲ್ಲ. ಕೋವಿಯ ಸೈಲೆನ್ಸರೂ ಬೈಕಿನ ಸೈಲೆನ್ಸರೂ ಕೆಲಸದಲ್ಲಿ ಅಣ್ಣ ತಮ್ಮ. ಕೋವಿಯದ್ದಕ್ಕೆ 1909ರಲ್ಲಿ ಪೇಟೆಂಟ್ ತೆಗೆದುಕೊಂಡವನು ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಅಮೆರಿಕದ ಇಂಜಿನಿಯರ್. ಇವನ ಅಪ್ಪ ಮೆಷಿನ್ ಗನ್ ಕಂಡುಹಿಡಿದವನು. ಅಪ್ಪ ಸದ್ದು ಮಾಡಿದ, ಮಗ ಸದ್ದು ಅಡಗಿಸಿದ. ಅದೇ ಮಗ ಇಂಜಿನ್ನುಗಳ ಸದ್ದು ಇಳಿಸುವ ಕೆಲಸಕ್ಕೂ ಕೈ ಹಾಕಿದ್ದ.

ಒಳಗೆ ನಡೆಯುವುದು ಇಷ್ಟೆ. ಈಡು ಹಾರಿದಾಗ ಗುಂಡಿನ ಹಿಂದೆ ಸುಡು ಸುಡು ಗ್ಯಾಸು ನುಗ್ಗಿ ಬರುತ್ತದೆ. ನಳಿಗೆಯ ಬಾಯಿಂದ ಒಮ್ಮೆಲೇ ಹೊರಗೆ ಬಿದ್ದರೆ ಢಂ ಅನ್ನುತ್ತದೆ. ಸೈಲೆನ್ಸರ್ ಅಂದರೆ ಬಾಯಿಗೆ ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಒಂದು ಕೊಳವೆ, ಉದ್ದದಲ್ಲಿ ಒಂದು ಗೇಣು ಆಸುಪಾಸು, ಒಳಗೆ ಸಾಲಾಗಿ ತಟ್ಟೆಗಳು, ತಟ್ಟೆಗಳ ಮಧ್ಯೆ ಸಣ್ಣ ಸಣ್ಣ ಕೋಣೆಗಳು. ಗುಂಡು ನಡುವಿನ ತೂತಿನಿಂದ ನೇರ ಹೋಗುತ್ತದೆ. ಗ್ಯಾಸು ಮಾತ್ರ ಕೋಣೆ ಕೋಣೆಗೆ ನುಗ್ಗಿ, ಸುತ್ತಿ, ತಣಿದು, ನಿಧಾನಕ್ಕೆ ಹೊರಗೆ ಬರುತ್ತದೆ. ಸೋಡಾ ಬಾಟಲಿಯ ಮುಚ್ಚಳವನ್ನು ಒಮ್ಮೆಲೇ ತೆಗೆಯುವುದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುವುದಕ್ಕೂ ಇರುವ ವ್ಯತ್ಯಾಸ ಅಲ್ವಾ, ಅದೇ ಇದು.

ಸಿನೆಮಾದಲ್ಲಿ ತೋರಿಸುವ ಹಾಗೆ "ಪುಸ್ಕ್" ಅಂತ ಮಾತ್ರ ಕೇಳಿಸುವುದು ಸುಳ್ಳು. ಬೇಟೆಯ ರೈಫಲ್ಲಿನ ಸದ್ದು ಹೆಚ್ಚುಕಡಿಮೆ 160ರಿಂದ 170 ಡೆಸಿಬೆಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35ರಷ್ಟು ಇಳಿಸುತ್ತದೆ. ಉಳಿದದ್ದೂ ಜೋರೇ. ಅದೂ ಅಲ್ಲದೆ ಗುಂಡು ಸೆಕೆಂಡಿಗೆ 800 ಮೀಟರ್ ಮೇಲೆ ಹಾರುವಾಗ, ಶಬ್ದದ ವೇಗ ಬರೀ 343 ಮೀಟರ್ ಇರುವಾಗ, ಗಾಳಿ ಸೀಳುವ ಚಟ್ ಅನ್ನುವ ಸದ್ದು ಬೇರೆಯೇ ಹುಟ್ಟುತ್ತದೆ. ಅದನ್ನು ಯಾವ ಕೊಳವೆಯೂ ತಡೆಯುವುದಿಲ್ಲ. ಆದರೂ ಬೇಟೆಗಾರರು ಇದನ್ನು ಬಿಡುವುದಿಲ್ಲ, ಯಾಕೆಂದರೆ ಇಂಥ ಸಿಡಿತದ ಸದ್ದು 140 ಡೆಸಿಬೆಲ್ ದಾಟಿದರೆ ಒಂದೇ ಏಟಿಗೆ ಕಿವಿ ಹಾಳಾಗಬಹುದು. ಜಾತ್ರೆಯಲ್ಲಿ ಗರ್ನಾಲಿನ ಹತ್ತಿರ ನಿಂತು ಎರಡು ದಿನ ಕಿವಿಯಲ್ಲಿ ಗುಂಯ್ ಅಂದದ್ದು ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಗಲಿಗೆ ಬೀಳುವ ಒದೆಯೂ ಕಡಿಮೆಯಾಗುತ್ತದೆ.

ಈಗ ವಿಷಯದ ಗಂಟು. ಇದೇ ಕೊಳವೆ ಒಂದು ದೇಶದಲ್ಲಿ ಕಿವಿಯ ಆರೋಗ್ಯದ ಸಾಮಾನು, ಇನ್ನೊಂದು ದೇಶದಲ್ಲಿ ಕೊಲೆಗಾರನ ಸಾಮಾನು. ನಾರ್ವೆಯಲ್ಲಿ, ನ್ಯೂಜಿಲ್ಯಾಂಡಿನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಬೇರೆ ಲೈಸೆನ್ಸೇ ಬೇಡ. ಜರ್ಮನಿಯಲ್ಲಿ 2020ರ ಕಾನೂನು ತಿದ್ದುಪಡಿಯ ಮೇಲೆ ಬೇಟೆ ಲೈಸೆನ್ಸ್ ಇದ್ದವರಿಗೆ ಸುಲಭ ಆಯಿತು. ಕೆನಡಾದಲ್ಲಿ ಇದು ನಿಷೇಧಿತ ವಸ್ತು, ಹತ್ತಿರ ಇದ್ದರೇ ಅಪರಾಧ. ಒಬ್ಬ ಬೇಟೆಗಾರ ಒಂದೇ ಪ್ರವಾಸದಲ್ಲಿ ಇಂಥ ಮೂರು ನಾಲ್ಕು ದೇಶದ ನೆಲ ಮುಟ್ಟುತ್ತಾನೆ. ಇಳಿಯುವ ದೇಶದ್ದೊಂದನ್ನೇ ನೋಡಿಕೊಂಡು ಹೊರಡುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಭಾವಯ್ಯನೂ ಅದನ್ನೇ ಮಾಡಿದ್ದ. "ದಕ್ಷಿಣ ಆಫ್ರಿಕಾದಲ್ಲಿ ಲೀಗಲ್ ಮಾರಾಯ, ನಾನು ನೋಡಿದ್ದೇನೆ" ಅಂತ ಒಂದೇ ಹಠ.

ಅವನಿಗೆ ನಾನು ಕೇಳಿದ್ದು, "ಅಲ್ಲಿ ಇಳಿಯುವುದು ಆಮೇಲೆ. ಮೊದಲು ಅಮೆರಿಕದಿಂದ ಹೊರಗೆ ಹೇಗೆ ತೆಗೆಯುತ್ತೀ?"

ಇದು ಅವನಿಗೆ ಹೊಳೆದೇ ಇರಲಿಲ್ಲ. ಅಮೆರಿಕ ಅಂದರೆ ಕೋವಿ ತರಕಾರಿಯ ಹಾಗೆ ಸಿಗುವ ದೇಶ ಅಂತ ನಮ್ಮ ಅಂದಾಜು. ಸೈಲೆನ್ಸರಿನ ಮಟ್ಟಿಗೆ ಹಾಗಲ್ಲ. 1934ರ ರಾಷ್ಟ್ರೀಯ ಬಂದೂಕು ಕಾಯಿದೆ ಮೆಷಿನ್ ಗನ್ನಿನ ಜೊತೆ ಇದನ್ನೂ ಒಂದೇ ಪಟ್ಟಿಗೆ ಸೇರಿಸಿತು. 200 ಡಾಲರ್ ತೆರಿಗೆ ಹಾಕಿತು, ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. 2025ರ ಜುಲೈಯಲ್ಲಿ ಸಹಿಯಾದ ಕಾನೂನಿನ ಪ್ರಕಾರ 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ. ಆದರೆ ನೋಂದಣಿ ಹಾಗೆಯೇ ಉಳಿದಿದೆ. ಬೆರಳಚ್ಚು, ಫೋಟೋ, ಅರ್ಜಿ, ಕೊಳವೆಯ ಮೇಲಿನ ಸೀರಿಯಲ್ ನಂಬರು, ಎಲ್ಲವೂ ಬೇಕು. ತೆರಿಗೆ ಹೋಯಿತು ಅಂದಮೇಲೆ ಸೈಲೆನ್ಸರ್ ಫ್ರೀ ಆಯಿತು ಅಂತ ತಿಳಿದವರು ಬಹಳ.

ಅದು ಒಳಗಿನ ಕಾನೂನು. ಹೊರಗೆ ತೆಗೆಯುವ ಕಾನೂನು ಬೇರೆ ಇಲಾಖೆಯದ್ದು. ಸಾಮಾನ್ಯ ಬೇಟೆ ರೈಫಲ್ಲಿಗೆ ಅಲ್ಲಿನ ನಾಗರಿಕರಿಗೂ ಗ್ರೀನ್ ಕಾರ್ಡ್ ಇದ್ದವರಿಗೂ ಒಂದು ರಿಯಾಯಿತಿ ಉಂಟು. ಸ್ವಂತ ಬಳಕೆಗೆ ಮೂರು ಕೋವಿ, 1000 ತೋಟೆವರೆಗೆ, ರಫ್ತು ಲೈಸೆನ್ಸ್ ಇಲ್ಲದೆ ಲಗೇಜಿನಲ್ಲಿ ಒಯ್ಯಬಹುದು. ಕಸ್ಟಮ್ಸಿಗೆ ಹೋಗಿ 4457 ನಂಬರಿನ ಫಾರ್ಮಿನಲ್ಲಿ ಸೀರಿಯಲ್ ನಂಬರು ಬರೆಸಿ ಸೀಲು ಹಾಕಿಸಿಕೊಂಡರೆ, ವಾಪಸು ಬರುವಾಗ "ಇದು ನನ್ನದೇ, ಇಲ್ಲಿಂದಲೇ ಒಯ್ದದ್ದು" ಅಂತ ತೋರಿಸಲಿಕ್ಕೆ ಆಗುತ್ತದೆ. ಬೇಟೆಗೆ ಹೋಗುವ ಅಮೆರಿಕನ್ನರಿಗೆಲ್ಲ ಈ ಫಾರ್ಮ್ ಬಾಯಿಪಾಠ.

ಸೈಲೆನ್ಸರ್ ಈ ರಿಯಾಯಿತಿಯೊಳಗೆ ಬರುವುದಿಲ್ಲ. 2020ರ ಮಾರ್ಚಿನಲ್ಲಿ ಅಮೆರಿಕ ಸಾಮಾನ್ಯ ಕೋವಿಗಳ ರಫ್ತಿನ ಉಸ್ತುವಾರಿಯನ್ನು ವಿದೇಶಾಂಗ ಇಲಾಖೆಯಿಂದ ವಾಣಿಜ್ಯ ಇಲಾಖೆಗೆ ದಾಟಿಸಿತು. ಆಗ ಸೈಲೆನ್ಸರನ್ನು ದಾಟಿಸಲಿಲ್ಲ. ಅದು ಮಿಲಿಟರಿ ಸಾಮಾನುಗಳ ಪಟ್ಟಿಯಲ್ಲಿ, ವಿದೇಶಾಂಗ ಇಲಾಖೆಯ ಕೈಯಲ್ಲೇ ಉಳಿಯಿತು. ಅಂದರೆ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಮಲಗಿರುವ ಎರಡು ಸಾಮಾನಿಗೆ ಎರಡು ಯಜಮಾನರು. ಹತ್ತು ದಿನದ ಬೇಟೆಗೆ ಒಯ್ದು ವಾಪಸು ತರುವುದಾದರೂ ಅದು ತಾತ್ಕಾಲಿಕ ರಫ್ತು. ಡಿಎಸ್‌ಪಿ-73 ಅನ್ನುವ ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು. ಹೊರಡುವ ವಾರ ಅರ್ಜಿ ಹಾಕಿ ಆಗುವ ಕೆಲಸ ಅಲ್ಲ ಅದು. ಲೈಸೆನ್ಸ್ ಇಲ್ಲದೆ ಹೊರಗೆ ಹೋದರೆ ಆಯುಧ ಕಳ್ಳಸಾಗಣೆಯ ಸೆಕ್ಷನ್ನು ಬೀಳುತ್ತದೆ, ಬೇಟೆಗೆ ಹೋದದ್ದು ಅಂತ ಹೇಳಿದರೆ ಅಲ್ಲಿ ಯಾರೂ ಕೇಳುವುದಿಲ್ಲ.

"ಬಿಚ್ಚಿ ಬೇರೆ ಬೇರೆ ಬ್ಯಾಗಿನಲ್ಲಿ ಹಾಕಿದರೆ?" ಅಂತ ಕೇಳಿದ. ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಅಲ್ಲಿನ ಕಾನೂನಿನಲ್ಲಿ ಸೈಲೆನ್ಸರಿಗೆ ಮಾತ್ರ ಆಗುವ ಬಿಡಿಭಾಗವೂ ಸೈಲೆನ್ಸರೇ. ನಾಲ್ಕು ತುಂಡು ಮಾಡಿದರೆ ತಪ್ಪು ಕಾಲುಭಾಗ ಆಗುವುದಿಲ್ಲ, ಬದಲಿಗೆ ಬಚ್ಚಿಟ್ಟದ್ದು ಅಂತಾಗುತ್ತದೆ.

ಎರಡನೆಯದು ವಿಮಾನ ಬದಲಿಸುವ ಜಾಗ. ನಾನು ಕಣ್ಣಾರೆ ನೋಡಿದ್ದು ಇದನ್ನೇ. ಯುರೋಪಿನ ಒಬ್ಬರು, ಅರವತ್ತರ ಆಸುಪಾಸು, ಆಫ್ರಿಕಾಕ್ಕೆ ಹೊರಟವರು. ಯಾವ ವಿಮಾನ ನಿಲ್ದಾಣ ಅಂತ ಹೇಳುವುದಿಲ್ಲ, ಬೇಡ. ಅವರ ರೈಫಲ್ಲಿನ ಕಾಗದವೆಲ್ಲ ಅಚ್ಚುಕಟ್ಟು, ವಿಮಾನ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ತಗೊಂಡಿದ್ದರು, ಫೈಲು ನೋಡಿದರೆ ನಮ್ಮ ವಿಲೇಜ್ ಆಫೀಸಿನವರಿಗೆ ಹೊಟ್ಟೆಕಿಚ್ಚಾಗಬೇಕು. ಎಕ್ಸ್‌ರೇಯಲ್ಲಿ ಬಟ್ಟೆಯ ಸೂಟ್‌ಕೇಸು ಹೋದಾಗ ಬೂಟಿನೊಳಗೆ ಏನೋ ಕಂಡಿತು. ನಾನು ಟಾರ್ಚು ಅಂದುಕೊಂಡೆ. ಯಂತ್ರದಲ್ಲಿ ಕೂತಿದ್ದ ಮಲಪ್ಪುರದ ಹುಡುಗ ಬೆಲ್ಟ್ ನಿಲ್ಲಿಸಿ ದೊಡ್ಡದು ಮಾಡಿ ತೋರಿಸಿದ. ಒಂದು ಕೊಳವೆ, ಒಳಗೆ ಒಂದರ ಹಿಂದೆ ಒಂದು ಕೊಳಗದ ಆಕಾರದ ತಟ್ಟೆ, ಬಂಗುಡೆಯ ಮುಳ್ಳಿನ ಹಾಗೆ ಸಾಲಾಗಿ. ಟಾರ್ಚಿನೊಳಗೆ ಹಾಗಿರುವುದಿಲ್ಲ.

ಅವರು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಬೂಟಿನೊಳಗೆ ತುರುಕಿದ್ದರು. ಪೆಟ್ಟು ಬೀಳಬಾರದು ಅಂತ ಅಷ್ಟೆ, ಬಚ್ಚಿಡುವ ಉದ್ದೇಶ ಇದ್ದ ಹಾಗೆ ನನಗೆ ಕಾಣಲಿಲ್ಲ. "ನಮ್ಮಲ್ಲಿ ಇದು ಅಂಗಡಿಯಲ್ಲಿ ಸಿಗುತ್ತದೆ, ಲೈಸೆನ್ಸ್ ಕೇಳುವುದಿಲ್ಲ" ಅಂತ ಹೇಳುತ್ತಲೇ ಇದ್ದರು. ಅವರು ಹೇಳಿದ್ದು ನಿಜವೇ. ಆದರೆ ಒಪ್ಪಿಗೆ ಪತ್ರದಲ್ಲಿ ರೈಫಲ್ ಇತ್ತು, ದುರ್ಬೀನು ಇತ್ತು, ತೋಟೆ ಇತ್ತು, ಕೊಳವೆ ಇರಲಿಲ್ಲ. ಪೊಲೀಸರು ಅದರ ಸೀರಿಯಲ್ ನಂಬರು ಕೇಳಿದರು. ನೋಂದಣಿಯೇ ಬೇಡದ ದೇಶದಲ್ಲಿ ಮಾರುವ ಕೆಲವಕ್ಕೆ ನಂಬರೇ ಇರುವುದಿಲ್ಲ, ಇದರಲ್ಲೂ ಇರಲಿಲ್ಲ. ನಂಬರಿಲ್ಲದ್ದು ಕಂಡಮೇಲೆ ಪೊಲೀಸರಿಗೆ ಸಂಶಯ ಇನ್ನೂ ಜಾಸ್ತಿ. ಆ ಮನುಷ್ಯನ ವಿಮಾನ ಹೋಯಿತು. ಅವರು ಬೆಳಗಿನವರೆಗೆ ಒಂದು ಕುರ್ಚಿಯಲ್ಲಿ ಕೂತಿದ್ದರು, ನಾನು ಎರಡು ಸಲ ಚಾ ತಂದುಕೊಟ್ಟೆ. ಕೊನೆಗೆ ಅವರನ್ನು ಬಿಟ್ಟರು, ಕೊಳವೆಯನ್ನು ಬಿಡಲಿಲ್ಲ.

ಬ್ಯಾಗು ಸೀದಾ ಮುಂದಿನ ವಿಮಾನಕ್ಕೆ ಹೋಗುತ್ತದೆ, ನಾನು ಆ ದೇಶದೊಳಗೆ ಕಾಲೇ ಇಡುವುದಿಲ್ಲ, ಮತ್ತೆ ಅವರ ಕಾನೂನು ನನಗೆ ಯಾಕೆ ಅಂತ ಜನ ಕೇಳುತ್ತಾರೆ. ಬ್ಯಾಗು ಅವರ ನೆಲದಲ್ಲಿ ಇಳಿದಿದೆ, ಅಷ್ಟು ಸಾಕು. ಆಮ್‌ಸ್ಟರ್‌ಡಾಮಿನಲ್ಲಿ ಬರೀ ವಿಮಾನ ಬದಲಿಸಲಿಕ್ಕೂ ಕೋವಿ ಇದ್ದವರು ಡಚ್ ಕಸ್ಟಮ್ಸಿನ ಒಪ್ಪಿಗೆ ಮೊದಲೇ ತಗೊಂಡಿರಬೇಕು. ಬೇಟೆಗೆ ಹೋಗುವವರು ಟಿಕೆಟ್ ಮಾಡುವಾಗ ಅಗ್ಗದ್ದು ನೋಡುವುದಕ್ಕಿಂತ, ಯಾವ ದೇಶದಲ್ಲಿ ಇಳಿದು ಹತ್ತಬೇಕು ಅಂತ ನೋಡುವುದು ಒಳ್ಳೆಯದು. ನಡುವೆ ರಾತ್ರಿ ತಂಗುವುದಿದ್ದು ಬ್ಯಾಗು ಕೈಗೆ ಬಂದರಂತೂ ಅದು ಆ ದೇಶಕ್ಕೆ ಆಮದು ಮಾಡಿದ ಲೆಕ್ಕ.

ವಿಮಾನದ್ದೇ ನಿಯಮ ಹೆಚ್ಚು ಕಷ್ಟದ್ದಲ್ಲ. ಕೋವಿ ಖಾಲಿ ಇರಬೇಕು, ಗಟ್ಟಿ ಪೆಟ್ಟಿಗೆ, ಬೀಗ, ಚೆಕ್-ಇನ್ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು. ತೋಟೆ ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕಿಲೋ, ಗಂಡ ಹೆಂಡತಿಯದ್ದು ಒಟ್ಟು ಸೇರಿಸಿ 10 ಕಿಲೋ ಒಂದೇ ಪೆಟ್ಟಿಗೆ ಮಾಡುವ ಹಾಗಿಲ್ಲ. ಸೈಲೆನ್ಸರ್ ಕೈಚೀಲದಲ್ಲಿ ಬೇಡವೇ ಬೇಡ, ಅದು ಕೋವಿಯ ಭಾಗ ಅಂತಲೇ ಲೆಕ್ಕ. ನೋಡಿ ತಮಾಷೆ, ರಿಯಾಯಿತಿ ಕೇಳುವಾಗ ಅದು ಕೋವಿಯ ಭಾಗ ಅಲ್ಲ, ತಡೆಯುವಾಗ ಕೋವಿಯ ಭಾಗ.

ಇಳಿಯುವ ದೇಶ ಇದ್ದುದರಲ್ಲಿ ಸುಲಭ. ದಕ್ಷಿಣ ಆಫ್ರಿಕಾದಲ್ಲಿ ಪೊಲೀಸರ 520 ನಂಬರಿನ ಫಾರ್ಮ್ ತುಂಬಬೇಕು, ಬೇಟೆಗೆ ಕರೆದವರ ಪತ್ರ, ಕೋವಿ ನಿಮ್ಮದು ಅನ್ನುವುದಕ್ಕೆ ಕಾಗದ, ಟಿಕೆಟ್ ಇರಬೇಕು. ಕಪ್ಪು ಶಾಯಿಯಲ್ಲಿ ಬರೆಯಿರಿ, ಸಹಿ ಮಾತ್ರ ಅಲ್ಲಿಯ ಅಧಿಕಾರಿಯ ಎದುರೇ ಹಾಕಿ.

ವಾಪಸು ಹೋಗುವಾಗ ಮತ್ತೆ ಇದೇ ದಾರಿ, ಇದೇ ಕಾಗದ, ಹಿಂದುಮುಂದಾಗಿ. ನಮ್ಮ ಭಾವಯ್ಯನ ದಾರಿ ಮಾತ್ರ ಹಾಗಲ್ಲ. ಅವನು ಅಲ್ಲಿಂದ ಊರಿಗೆ ಬರಬೇಕಿತ್ತು, ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಇಳಿಯಬೇಕಿತ್ತು. ಇಲ್ಲಿ ನಾನು ದನಿ ಜೋರು ಮಾಡಿದೆ.

ಭಾರತದಲ್ಲಿ 1959ರ ಆಯುಧ ಕಾಯಿದೆ ಉಂಟು, ಅದರ ಕೆಳಗೆ 2016ರ ನಿಯಮಗಳು. ಆ ನಿಯಮದ ಪಟ್ಟಿಯಲ್ಲಿ ಈಡಿನ ಸದ್ದನ್ನೋ ಬೆಂಕಿಯ ಮಿಂಚನ್ನೋ ಕಡಿಮೆ ಮಾಡುವ ಸಾಧನವನ್ನು ಇಟ್ಟಿರುವುದು ಒಂದನೇ ವರ್ಗದಲ್ಲಿ, ನಿಷೇಧಿತ ಆಯುಧಗಳ ಪಕ್ಕ. ಕೋವಿ ಲೈಸೆನ್ಸ್ ಇದ್ದರೂ ಅದು ಇದಕ್ಕೆ ಅನ್ವಯಿಸುವುದಿಲ್ಲ. 2019ರ ತಿದ್ದುಪಡಿ ಆದಮೇಲೆ ನಿಷೇಧಿತ ಆಯುಧ ಇಟ್ಟುಕೊಂಡವರಿಗೆ ಕಡಿಮೆ ಅಂದರೆ 7 ವರ್ಷ, ಜಾಸ್ತಿ ಅಂದರೆ 14 ವರ್ಷ ಜೈಲು. ಹೊರದೇಶದ ಪ್ರವಾಸಿ ಕ್ರೀಡೆಗೆ ಅಂತ ಕೋವಿ ತರಲಿಕ್ಕೆ ಕಾಯಿದೆಯಲ್ಲಿ ಒಂದು ಕಿಂಡಿ ಉಂಟು, ಅದು ಶೂಟಿಂಗ್ ಸ್ಪರ್ಧೆಗೆ ಬರುವಂಥವರಿಗೆ. 1972ರ ವನ್ಯಜೀವಿ ಕಾಯಿದೆಯ ಮೇಲೆ ಇಲ್ಲಿ ಬೇಟೆ ಅನ್ನುವ ಕ್ರೀಡೆಯೇ ಉಳಿದಿಲ್ಲ. "ನಾನು ಇಲ್ಲಿ ಈಡು ಹೊಡೆಯುವುದಿಲ್ಲವಲ್ಲ, ಪೆಟ್ಟಿಗೆ ಬೀಗ ಹಾಕಿಯೇ ಇರ್ತದೆ" ಅಂದ. ಬೀಗ ಹಾಕಿದ ಪೆಟ್ಟಿಗೆಯನ್ನು ಕಸ್ಟಮ್ಸಿನವರು ಇನ್ನೂ ಬೇಗ ತೆರೆಸುತ್ತಾರೆ ಮಾರಾಯ.

ಈ ಮಾತು ಊರಿನಲ್ಲಿ ಹಬ್ಬಿ, ಮುಳ್ಳೇರಿಯದ ಕಡೆಯ ಒಬ್ಬರು ತೋಟದವರು ನನ್ನ ಹತ್ತಿರ ಬೇರೆಯೇ ಪ್ರಶ್ನೆ ತಂದರು. ಕಾಡುಹಂದಿಯ ಕಾಟ ನಿಮಗೆ ಗೊತ್ತೇ ಇದೆ, ಒಂದು ರಾತ್ರಿಗೆ ಮರಗೆಣಸು ಬಾಳೆ ಎಲ್ಲ ಉತ್ತು ಹಾಕಿ ಹೋಗುತ್ತವೆ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರ ಕೊಟ್ಟಿತು, ಅವರು ಅಪ್ಪಣೆ ಕೊಟ್ಟರೆ ಲೈಸೆನ್ಸ್ ಕೋವಿ ಇದ್ದವರು ಬೆಳೆ ತಿನ್ನುವ ಹಂದಿಗೆ ಈಡು ಹೊಡೆಯಬಹುದು. "ಒಂದು ಈಡಿಗೆ ಉಳಿದ ಹಂದಿಗಳೆಲ್ಲ ಓಡ್ತವೆ, ಸದ್ದಾಗದಿದ್ದರೆ ನಾಲ್ಕು ಸಿಗ್ತಿತ್ತು, ಅಲ್ವಾ?" ಅಂದರು ಇವರು. ಕೊಳವೆ ಹಾಕುವ ಅಪ್ಪಣೆ ಅದರೊಳಗೆ ಇಲ್ಲ. ನಮ್ಮವರ ಕೇಪಿನ ಕೋವಿ, ಅಂದರೆ ಬಾಯಿಂದ ಮದ್ದು ತುಂಬುವ ಹಳೇ ಕೋವಿ, ಅದರ ಬಾಯಿಗೆ ಇದನ್ನು ಕೂರಿಸಲಿಕ್ಕೆ ತಿರುಪೂ ಇಲ್ಲ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿ ಇರುವ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಉಂಟು, 2029ರವರೆಗೆ ಮುಂದುವರಿಸಿದ್ದಾರೆ. ಅದೂ ಕೋವಿಗೆ, ಸೈಲೆನ್ಸರಿಗಲ್ಲ.

ನನಗೆ ಕೇಳಿದರೆ ನಾರ್ವೆಯವರದ್ದೂ ಸರಿ, ನಮ್ಮದೂ ಸರಿ. ಅಲ್ಲಿ ಕಾಡಿನಲ್ಲಿ ಈಡು ಕೇಳಿದರೆ ಬೇಟೆಯ ಕಾಲ ಶುರುವಾಯಿತು ಅಂತ ಅರ್ಥ, ನೆರೆಯವರಿಗೆ ತೊಂದರೆ ಆಗದಿರಲಿ ಅಂತ ಕೊಳವೆ. ದೇಲಂಪಾಡಿಯ ಕಾಡಂಚಿನಲ್ಲಿ ರಾತ್ರಿ ಎರಡು ಗಂಟೆಗೆ ಈಡು ಕೇಳಿದರೆ ಫಾರೆಸ್ಟಿನವರಿಗೆ ಸಿಗುವ ಸುಳಿವು ಅದೊಂದೇ.

ಕೊನೆಗೆ ಭಾವಯ್ಯ ಏನು ಮಾಡಿದ ಅಂದರೆ, ಕೊಳವೆಯನ್ನೂ ಕೋವಿಯನ್ನೂ ಟೆಕ್ಸಾಸಿನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಟ್ಟು ಹೊರಟ. ಬೇಟೆ ಏರ್ಪಾಡು ಮಾಡುವವರ ಹತ್ತಿರವೇ ರೈಫಲ್ ಬಾಡಿಗೆಗೆ ಸಿಗುತ್ತದೆ, ಅದರ ಮೂತಿಗೆ ಸೈಲೆನ್ಸರ್ ಹಾಕಿಯೇ ಇರುತ್ತದೆ. ಇಷ್ಟಕ್ಕೆ ನನ್ನ ತಲೆ ಒಂದು ವಾರ ತಿಂದ. ತನ್ನದೇ ಕೋವಿಯ ಕೈಪಳಗು ಬೇರೆ ಅಂತ ಸ್ವಲ್ಪ ಬೇಜಾರಿತ್ತು ಅವನಿಗೆ, ಇರಲಿ.

ಊರಿಗೆ ಹೊರಡುವ ಹಿಂದಿನ ರಾತ್ರಿ ವಿಡಿಯೋ ಕಾಲ್ ಮಾಡಿ, ಬೇಟೆಗೆ ಹಾಕಿದ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರವಲು ಹೇಳಿದೆ. ಈ ದೇಶದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದು ತೋಟೆಯಿಂದ ಕೇಸು ಹಾಕಿಸಿಕೊಂಡವರು ಬೇಕಾದಷ್ಟಿದ್ದಾರೆ. ಗೊತ್ತಿಲ್ಲದೆ ಬಂದದ್ದು ಅಂತ ಕೋರ್ಟು ಒಪ್ಪಿ ಬಿಡುವುದುಂಟು, ಆದರೆ ಅಷ್ಟರೊಳಗೆ ವರ್ಷ ಕಳೆದಿರುತ್ತದೆ. ಪ್ಯಾಂಟಿನ ಕಿಸೆ ಮಗುಚು ಅಂದೆ, ಮಗುಚಿದ. ಬೂಟು ಕುಟ್ಟು ಅಂದೆ, ಕುಟ್ಟಿದ, ಮಣ್ಣು ಬಿತ್ತು. "ಸಾಕು ಭಾವ, ಎಂತದೂ ಇಲ್ಲ" ಅಂದ. ಜಾಕೆಟ್ಟಿನ ಕಿಸೆಯೊಳಗೆ ಹೊಲಿಗೆ ಬಿಟ್ಟಿತ್ತು, ಬೆರಳು ಹಾಕಿ ನೋಡು ಅಂದೆ. ಎರಡು ಬೆರಳು ಅಸ್ತರಿನೊಳಗೆ ಇಳಿಸಿ ತಡಕಿದ. ಮುಖ ಬದಲಾಯಿತು. ಹೊರಗೆ ತೆಗೆದು ಕ್ಯಾಮರಾಕ್ಕೆ ಹಿಡಿದ. ಒಂದು ತೋಟೆ, ಹಿತ್ತಾಳೆ ಮಿರಿಮಿರಿ ಮಿಂಚುತ್ತಿತ್ತು, ಗುಂಡು ತುದಿಯಲ್ಲೇ ಇತ್ತು.